ನೀರಿಗೆ ಹಾಕಿದ ಕ್ಲೋರಿನ್‌ನಿಂದಲೇ ಹುಟ್ಟುವ ರಾಸಾಯನಿಕಗಳು: ಹೆದರಬೇಕಾದದ್ದು ಎಷ್ಟು, ಮಾಡಬೇಕಾದದ್ದು ಏನು?

ಕುಡಿಯುವ ನೀರಿನ ಪರೀಕ್ಷಾ ವರದಿಯಲ್ಲೋ ಸರಬರಾಜು ಸಂಸ್ಥೆಯ ಪ್ರಕಟಣೆಯಲ್ಲೋ ‘ಟ್ರೈಹ್ಯಾಲೋಮೀಥೇನ್ ಪ್ರಮಾಣ ಮಿತಿ ಮೀರಿದೆ’ ಎಂಬ ಒಂದು ಸಾಲು ಕಂಡರೆ ಸಾಕು, ಮನೆಮಂದಿಗೆಲ್ಲ ಆತಂಕ ಶುರುವಾಗುತ್ತದೆ. ಹೆಸರು ಓದುವುದೇ ಕಷ್ಟ. ಅದರ ಬಗ್ಗೆ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಕ್ಯಾನ್ಸರ್ ಎಂಬ ಪದ. ನೀರನ್ನು ಶುದ್ಧ ಮಾಡಲೆಂದು ಹಾಕಿದ ಕ್ಲೋರಿನ್ನೇ ಇದಕ್ಕೆ ಮೂಲ ಎಂದು ಗೊತ್ತಾದಾಗ ಗೊಂದಲ ಇನ್ನೂ ಹೆಚ್ಚುತ್ತದೆ. ಹಾಗಾದರೆ ಕ್ಲೋರಿನ್ ಹಾಕದ ನೀರೇ ಒಳ್ಳೆಯದೇ? ಕುದಿಸಿದರೆ ಸರಿಹೋಗುತ್ತದೆಯೇ? ಸ್ನಾನಕ್ಕೆ ಬಳಸಬಹುದೇ? ಗರ್ಭಿಣಿಯರು ಏನು ಮಾಡಬೇಕು? ಇವಕ್ಕೆಲ್ಲ ಸಮಾಧಾನದ ಉತ್ತರ ಇದೆ. ಆದರೆ ಅದಕ್ಕೆ ಮೊದಲು, ನೀರಿಗೆ ಕ್ಲೋರಿನ್ ಬಿದ್ದ ಮೇಲೆ ಏನೇನು ನಡೆಯುತ್ತದೆ ಎಂದು ತಿಳಿದುಕೊಳ್ಳಬೇಕು.

## ಕ್ಲೋರಿನ್ ಮಾಡುವ ಕೆಲಸ

ಕಾಲರಾ, ಟೈಫಾಯ್ಡ್, ಆಮಶಂಕೆ, ಹೆಪಟೈಟಿಸ್ ಎ ಇವೆಲ್ಲ ಮಲ ಬೆರೆತ ನೀರಿನಿಂದ ಹರಡುವ ಕಾಯಿಲೆಗಳು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾದಿಂದ ಜನ ಸಾಯುತ್ತಿದ್ದಾಗ, ವೈದ್ಯ ಜಾನ್ ಸ್ನೋ ಆ ಸಾವುಗಳ ಜಾಡು ಹಿಡಿದು ಒಂದು ಕೈಪಂಪಿನ ತನಕ ಹೋದರು; ರೋಗ ಬರುತ್ತಿರುವುದು ನೀರಿನಿಂದ ಎಂದು ತೋರಿಸಿದರು. ಆದರೆ ಇಡೀ ಊರಿನ ನೀರಿನಲ್ಲಿರುವ ರೋಗಾಣುಗಳನ್ನು ಕಡಿಮೆ ಖರ್ಚಿನಲ್ಲಿ ಕೊಲ್ಲುವ ದಾರಿ ಸಿಗಲು ಇನ್ನೂ ನಾಲ್ಕೈದು ದಶಕ ಬೇಕಾಯಿತು. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್‌ನಲ್ಲಿ ಟೈಫಾಯ್ಡ್ ಹರಡಿದಾಗ ಅಲ್ಲಿನ ನೀರಿನ ಕೊಳವೆಗಳಿಗೆ ಬ್ಲೀಚಿಂಗ್ ಪೌಡರ್ ದ್ರಾವಣ ಹಾಯಿಸಿದರು. 1908ರಲ್ಲಿ ಅಮೆರಿಕದ ಜೆರ್ಸಿ ಸಿಟಿ ತನ್ನ ನೀರಿಗೆ ಪ್ರತಿದಿನವೂ ಕ್ಲೋರಿನ್ ಬೆರೆಸತೊಡಗಿತು. ಮುಂದೆ ಒಂದೊಂದೇ ನಗರ ನೀರನ್ನು ಸೋಸಿ ಕ್ಲೋರಿನ್ ಹಾಕುವ ಪದ್ಧತಿಗೆ ಬಂತು. ಬಂದ ಕಡೆಯೆಲ್ಲ ಟೈಫಾಯ್ಡ್ ಸಾವುಗಳು ಕುಸಿದವು.

ಕ್ಲೋರಿನ್ ನೀರಿನಲ್ಲಿ ಕರಗಿದಾಗ ಹೈಪೋಕ್ಲೋರಸ್ ಆಮ್ಲ ಉಂಟಾಗುತ್ತದೆ. ಸಿಲಿಂಡರಿನ ಅನಿಲವಾಗಲಿ, ಬ್ಲೀಚಿಂಗ್ ಪೌಡರಾಗಲಿ, ದ್ರವ ರೂಪದ ಹೈಪೋಕ್ಲೋರೈಟ್ ಆಗಲಿ, ಕೊನೆಗೆ ಕೆಲಸ ಮಾಡುವುದು ಇದೇ. ಇದು ರೋಗಾಣುವಿನ ಹೊರಪೊರೆ ದಾಟಿ ಒಳಗಿನ ಕಿಣ್ವಗಳನ್ನು ಹಾಳುಮಾಡುತ್ತದೆ. ಕ್ಲೋರಿನ್ನಿಗೆ ಇನ್ನೊಂದು ದೊಡ್ಡ ಗುಣವಿದೆ. ನೀರು ಶುದ್ಧೀಕರಣ ಘಟಕದಲ್ಲಿ ಕೆಲಸ ಮುಗಿದ ಮೇಲೂ ಸ್ವಲ್ಪ ನೀರಿನಲ್ಲೇ ಉಳಿದು, ಕೊಳವೆಯ ಉದ್ದಕ್ಕೂ ಕಾವಲು ಕಾಯುತ್ತದೆ. ಇದನ್ನು ಉಳಿಕೆ ಕ್ಲೋರಿನ್ ಎನ್ನುತ್ತಾರೆ. ನಲ್ಲಿಗೆ ಬರುವ ಹೊತ್ತಿಗೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಓಝೋನ್, ಅತಿನೇರಳೆ ಕಿರಣಗಳು ರೋಗಾಣುಗಳನ್ನು ಚೆನ್ನಾಗಿಯೇ ಕೊಲ್ಲುತ್ತವೆ. ಆದರೆ ಘಟಕ ದಾಟಿದ ಮೇಲೆ ಕೊಳವೆಯಲ್ಲಿ ಕಾವಲಿಗೆ ಅವು ಇರುವುದಿಲ್ಲ.

## ಉಪಉತ್ಪನ್ನಗಳು ಹುಟ್ಟುವ ಬಗೆ

ನದಿ, ಕೆರೆ, ಜಲಾಶಯದ ನೀರು ಬರೀ ನೀರಲ್ಲ. ದಂಡೆಯ ಮರಗಳಿಂದ ಉದುರಿದ ಎಲೆ, ಕೊಳೆತ ಗಿಡಗಂಟಿ, ಮಣ್ಣಿನ ಸಾರ, ಪಾಚಿ ಎಲ್ಲವೂ ಅದರಲ್ಲಿ ನೆನೆಯುತ್ತಿರುತ್ತವೆ. ಬಿಸಿನೀರಿಗೆ ಹಾಕಿದ ಚಹಾ ಎಲೆ ಬಣ್ಣ ಬಿಡುವಂತೆಯೇ ಇವೂ ಹ್ಯೂಮಿಕ್, ಫಲ್ವಿಕ್ ಆಮ್ಲಗಳೆಂಬ ಕಂದು ಬಣ್ಣದ ಪದಾರ್ಥಗಳನ್ನು ನೀರಿಗೆ ಬಿಡುತ್ತವೆ. ಇವಕ್ಕೆ ಒಟ್ಟಾಗಿ ನೈಸರ್ಗಿಕ ಸಾವಯವ ಪದಾರ್ಥ ಎಂದು ಹೆಸರು. ಹಾಗೆಯೇ ಕುಡಿದರೆ ಇವುಗಳಿಂದ ದೊಡ್ಡ ತೊಂದರೆ ಇಲ್ಲ.

ತೊಂದರೆ ಶುರುವಾಗುವುದು ಇವು ಕ್ಲೋರಿನ್ ಜೊತೆ ಸೇರಿದಾಗ. ಕ್ಲೋರಿನ್ನಿಗೆ ರೋಗಾಣು ಯಾವುದು, ಎಲೆಯ ಸಾರ ಯಾವುದು ಎಂಬ ಭೇದವಿಲ್ಲ. ಎರಡರ ಮೇಲೂ ಎರಗುತ್ತದೆ. ಸಾವಯವ ಪದಾರ್ಥದ ದೊಡ್ಡ ಅಣುಗಳನ್ನು ಒಡೆದು ಚೂರುಗಳಿಗೆ ತಾನೇ ಅಂಟಿಕೊಳ್ಳುತ್ತದೆ. ಹೀಗೆ ಹುಟ್ಟುವ ಸಣ್ಣ ಅಣುಗಳೇ ಸೋಂಕುನಿವಾರಣೆಯ ಉಪಉತ್ಪನ್ನಗಳು. ನೀರಿನಲ್ಲಿ ಬ್ರೋಮೈಡ್ ಎಂಬ ಲವಣವಿದ್ದರೆ ಕ್ಲೋರಿನ್ ಅದನ್ನೂ ಕೆರಳಿಸುತ್ತದೆ. ಆಗ ಬ್ರೋಮಿನ್ ಅಂಟಿಕೊಂಡ ಉಪಉತ್ಪನ್ನಗಳೂ ಸೇರುತ್ತವೆ. ಸಮುದ್ರದ ಉಪ್ಪುನೀರು ನುಗ್ಗಿರುವ ಕರಾವಳಿಯ ಜಲಮೂಲಗಳಲ್ಲಿ ಬ್ರೋಮೈಡ್ ಹೆಚ್ಚಿರುತ್ತದೆ.

ಎಷ್ಟು ಹುಟ್ಟುತ್ತದೆ ಎಂಬುದನ್ನು ನಿರ್ಧರಿಸುವುದು ಸಾವಯವ ಪದಾರ್ಥ ಮತ್ತು ಕ್ಲೋರಿನ್ನಿನ ಪ್ರಮಾಣ, ನೀರಿನ ಬಿಸಿ, ಎರಡೂ ಒಟ್ಟಿಗಿದ್ದ ಸಮಯ. ಹೀಗಾಗಿ ಬೇಸಿಗೆಯಲ್ಲಿ ಪ್ರಮಾಣ ಏರುತ್ತದೆ. ಮಳೆ ಬಂದು ಹೊಲ, ಕಾಡುಗಳ ಮಣ್ಣು ಕೊಚ್ಚಿಕೊಂಡು ಬಂದಾಗಲೂ ಏರುತ್ತದೆ. ಘಟಕದ ಹತ್ತಿರದ ಮನೆಗಿಂತ ಕೊಳವೆಯ ಕೊನೆಯ ಮನೆಯಲ್ಲಿ ಟ್ರೈಹ್ಯಾಲೋಮೀಥೇನ್ ಸಾಮಾನ್ಯವಾಗಿ ಹೆಚ್ಚು, ಏಕೆಂದರೆ ಆ ನೀರು ದಾರಿಯಲ್ಲಿ ಹೆಚ್ಚು ಹೊತ್ತು ಕಳೆದಿರುತ್ತದೆ. ಆಳದ ಕೊಳವೆಬಾವಿಯ ನೀರಿನಲ್ಲಿ ಸಾವಯವ ಪದಾರ್ಥ ಸಾಮಾನ್ಯವಾಗಿ ಕಡಿಮೆಯಾದ್ದರಿಂದ ಅದಕ್ಕೆ ಕ್ಲೋರಿನ್ ಹಾಕಿದರೂ ಇವು ಅಷ್ಟಾಗಿ ಹುಟ್ಟುವುದಿಲ್ಲ. ಕೊಳಚೆ ಸೇರಿದ ಕೆರೆಯ ನೀರಿಗೆ ಮೇಲಿಂದ ಮೇಲೆ ಬ್ಲೀಚಿಂಗ್ ಪೌಡರ್ ಸುರಿದರೆ ವಿಪರೀತ ಹುಟ್ಟುತ್ತವೆ.

## ಪತ್ತೆಯಾದದ್ದು 1974ರಲ್ಲಿ

ಅರವತ್ತಕ್ಕೂ ಹೆಚ್ಚು ವರ್ಷ ಕ್ಲೋರಿನ್ ಬಳಸಿದರೂ ಇದು ಯಾರಿಗೂ ಗೊತ್ತಾಗಿರಲಿಲ್ಲ. ಅಷ್ಟು ಸೂಕ್ಷ್ಮ ಪ್ರಮಾಣವನ್ನು ಅಳೆಯುವ ಉಪಕರಣಗಳೇ ಇರಲಿಲ್ಲ. ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್ ನೀರು ಸರಬರಾಜು ಸಂಸ್ಥೆಯ ರಸಾಯನಶಾಸ್ತ್ರಜ್ಞ ಯೋಹಾನ್ಸ್ ರೂಕ್ ಅವರು ನೀರಿನ ವಾಸನೆ, ರುಚಿಯ ಸಮಸ್ಯೆಯ ಬೆನ್ನು ಹತ್ತಿದ್ದರು. ಮುಚ್ಚಿದ ಪಾತ್ರೆಯಲ್ಲಿ ನೀರಿಟ್ಟು, ಅದರ ಮೇಲಿನ ಗಾಳಿಯಲ್ಲಿ ಸೇರಿಕೊಂಡ ಆವಿಯನ್ನು ಗ್ಯಾಸ್ ಕ್ರೊಮಟೋಗ್ರಾಫ್ ಎಂಬ ಉಪಕರಣದಲ್ಲಿ ಪರೀಕ್ಷಿಸುವುದು ಅವರ ವಿಧಾನ. ಆ ಆವಿಯಲ್ಲಿ ಕ್ಲೋರೋಫಾರ್ಮ್ ಮತ್ತು ಅದರ ಬಂಧುಗಳು ಸಿಕ್ಕವು. ನದಿಯ ನೀರಿನಲ್ಲಿ ಅಷ್ಟು ಇರಲಿಲ್ಲ. ಕ್ಲೋರಿನ್ ಹಾಕಿದ ಮೇಲೆ ಅವು ಹುಟ್ಟುತ್ತಿದ್ದವು. 1974ರಲ್ಲಿ ರೂಕ್ ಇದನ್ನು ಪ್ರಕಟಿಸಿದರು. ಅದೇ ವರ್ಷ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಬೆಲ್ಲರ್, ಲಿಕ್ಟನ್‌ಬರ್ಗ್ ಮತ್ತು ಕ್ರೋನರ್ ಕೂಡ ಸ್ವತಂತ್ರವಾಗಿ ಇದನ್ನೇ ಕಂಡುಕೊಂಡರು.

1976ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ, ಹೆಚ್ಚು ಪ್ರಮಾಣದ ಕ್ಲೋರೋಫಾರ್ಮ್ ಕೊಟ್ಟಾಗ ಇಲಿಗಳಲ್ಲಿ ಮೂತ್ರಪಿಂಡ ಮತ್ತು ಯಕೃತ್ತಿನ ಗಡ್ಡೆಗಳಾದವು ಎಂದು ವರದಿ ಮಾಡಿತು. 1979ರಲ್ಲಿ ಆ ದೇಶ ನೀರಿನಲ್ಲಿನ ಟ್ರೈಹ್ಯಾಲೋಮೀಥೇನ್‌ಗಳಿಗೆ ಮೊದಲ ಮಿತಿ ಹೇರಿತು: ಲೀಟರಿಗೆ 100 ಮೈಕ್ರೋಗ್ರಾಂ. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗ.

## ಯಾವ್ಯಾವ ರಾಸಾಯನಿಕಗಳಿವು?

ಇದುವರೆಗೆ ಗುರುತಿಸಿರುವ ಉಪಉತ್ಪನ್ನಗಳ ಸಂಖ್ಯೆ 600 ದಾಟುತ್ತದೆ. ನಿಯಮಿತವಾಗಿ ಅಳೆಯುವುದು ಬೆರಳೆಣಿಕೆಯಷ್ಟನ್ನು ಮಾತ್ರ.

ಮೊದಲ ಗುಂಪು ಟ್ರೈಹ್ಯಾಲೋಮೀಥೇನ್, ವರದಿಗಳಲ್ಲಿ ಟಿಎಚ್‌ಎಂ. ಇದರಲ್ಲಿ ನಾಲ್ವರು: ಕ್ಲೋರೋಫಾರ್ಮ್, ಬ್ರೋಮೋಡೈಕ್ಲೋರೋಮೀಥೇನ್, ಡೈಬ್ರೋಮೋಕ್ಲೋರೋಮೀಥೇನ್, ಬ್ರೋಮೋಫಾರ್ಮ್. ಇವು ಸುಲಭವಾಗಿ ಆವಿಯಾಗಿ ಗಾಳಿಗೆ ಸೇರುತ್ತವೆ. ಎರಡನೆಯದು ಹ್ಯಾಲೋಅಸಿಟಿಕ್ ಆಮ್ಲಗಳು, ಎಚ್‌ಎಎ. ಇವು ಆವಿಯಾಗದೆ ನೀರಿನಲ್ಲೇ ಉಳಿಯುತ್ತವೆ. ಈ ಒಂದು ವ್ಯತ್ಯಾಸ ನೆನಪಿನಲ್ಲಿರಲಿ, ಮುಂದೆ ಕುದಿಸುವ ಮಾತು ಬಂದಾಗ ಬೇಕಾಗುತ್ತದೆ.

ಕ್ಲೋರಿನ್ ಬಿಟ್ಟು ಬೇರೆ ಸೋಂಕುನಿವಾರಕ ಬಳಸಿದರೆ ಉಪಉತ್ಪನ್ನಗಳೂ ಬೇರೆ. ಬ್ರೋಮೈಡ್ ಇರುವ ನೀರಿಗೆ ಓಝೋನ್ ಹಾಯಿಸಿದರೆ ಬ್ರೋಮೇಟ್ ಹುಟ್ಟುತ್ತದೆ. ಕ್ಲೋರಿನ್ ಡೈಆಕ್ಸೈಡ್ ಬಳಸಿದರೆ ಕ್ಲೋರೈಟ್, ಕ್ಲೋರೇಟ್ ಉಳಿಯುತ್ತವೆ. ಕ್ಲೋರಿನ್ ಮತ್ತು ಅಮೋನಿಯ ಸೇರಿಸಿ ಮಾಡುವ ಕ್ಲೋರಾಮಿನ್ ಬಳಸಿದರೆ ಟಿಎಚ್‌ಎಂ ತೀರಾ ಕಡಿಮೆಯಾಗುತ್ತದೆ. ಆದರೆ ನೈಟ್ರೊಸಮಿನ್ ಎಂಬ ಗುಂಪಿಗೆ ಸೇರಿದ ಎನ್‌ಡಿಎಂಎ ರಾಸಾಯನಿಕ ತಲೆ ಎತ್ತಬಹುದು, ನೀರಿನಲ್ಲಿ ಅಯೋಡೈಡ್ ಇದ್ದರೆ ಅಯೋಡಿನ್ ಅಂಟಿದ ಉಪಉತ್ಪನ್ನಗಳೂ ಬರಬಹುದು. ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಪರೀಕ್ಷಿಸಿದಾಗ ಕ್ಲೋರಿನ್ ಇರುವ ಅಣುಗಳಿಗಿಂತ ಬ್ರೋಮಿನ್ ಇರುವವು, ಅವಕ್ಕಿಂತ ಅಯೋಡಿನ್ ಇರುವವು ಹೆಚ್ಚು ಹಾನಿ ಮಾಡುವುದು ಸಾಮಾನ್ಯವಾಗಿ ಕಂಡುಬಂದಿದೆ. ಹೀಗಾಗಿ ವರದಿಯಲ್ಲಿ ಟಿಎಚ್‌ಎಂ ಸಂಖ್ಯೆ ಇಳಿದಿದೆ ಎಂದ ಮಾತ್ರಕ್ಕೆ ನೀರು ತಾನಾಗಿ ಹೆಚ್ಚು ಸುರಕ್ಷಿತವಾಗಿದೆ ಎಂದು ನಾನು ಹೇಳಲಾರೆ. ಆ ಸಂಖ್ಯೆ ಒಂದು ಸೂಚಕ. ಅದು ಹೆಚ್ಚಿದ್ದ ಕಡೆ, ಅಳೆಯದೆ ಬಿಟ್ಟ ಇತರ ಉಪಉತ್ಪನ್ನಗಳೂ ಹೆಚ್ಚಿರುವ ಸಾಧ್ಯತೆ ಇದೆ ಎಂಬ ಕಾರಣಕ್ಕೇ ಅದನ್ನು ಅಳೆಯುತ್ತಾರೆ.

## ಆರೋಗ್ಯದ ಮೇಲೆ ಪರಿಣಾಮ

ಮೊದಲೇ ಸ್ಪಷ್ಟಪಡಿಸಬೇಕಾದ ಮಾತು: ನಲ್ಲಿ ನೀರಿನಲ್ಲಿ ಸಾಮಾನ್ಯವಾಗಿ ಕಾಣುವ ಪ್ರಮಾಣದಲ್ಲಿ ಇವು ಇಂದು ಕುಡಿದರೆ ನಾಳೆ ಕಾಯಿಲೆ ತರುವ ವಿಷವಲ್ಲ. ಪ್ರಶ್ನೆ ಇರುವುದು ಹತ್ತಾರು ವರ್ಷ ದಿನವೂ ದೇಹ ಸೇರುವುದರ ಬಗ್ಗೆ.

ಮನುಷ್ಯರ ಮೇಲಿನ ಅಧ್ಯಯನಗಳಲ್ಲಿ ಹೆಚ್ಚು ಸ್ಥಿರವಾಗಿ ಕಂಡಿರುವ ನಂಟು ಮೂತ್ರಕೋಶದ ಕ್ಯಾನ್ಸರ್‌ನದು. ದಶಕಗಳ ಕಾಲ ಹೆಚ್ಚು ಟಿಎಚ್‌ಎಂ ಇರುವ ನೀರು ಬಳಸಿದವರಲ್ಲಿ ಈ ಕ್ಯಾನ್ಸರ್ ತುಸು ಹೆಚ್ಚು ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಯುರೋಪ್ ಒಕ್ಕೂಟದ 26 ದೇಶಗಳ ನೀರಿನ ಮಾಹಿತಿ ಕಲೆಹಾಕಿತು. ಅಲ್ಲಿ ಟಿಎಚ್‌ಎಂ ಸರಾಸರಿ ಇದ್ದದ್ದು ಲೀಟರಿಗೆ ಸುಮಾರು 12 ಮೈಕ್ರೋಗ್ರಾಂ, ಅಂದರೆ ಮಿತಿಗಿಂತ ಎಷ್ಟೋ ಕೆಳಗೆ. ಆದರೂ ಮೂತ್ರಕೋಶದ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು ಶೇ 5ರಷ್ಟಕ್ಕೆ, ವರ್ಷಕ್ಕೆ ಸರಿಸುಮಾರು 6,500 ಪ್ರಕರಣಗಳಿಗೆ, ಇದು ಕಾರಣವಾಗಿರಬಹುದು ಎಂದು ಆ ಅಧ್ಯಯನ ಅಂದಾಜು ಮಾಡಿತು. ಇದು ನಂಟನ್ನು ಆಧರಿಸಿದ ಅಂದಾಜು. ಯಾವುದೇ ಒಬ್ಬ ರೋಗಿಯನ್ನು ತೋರಿಸಿ ಇವರಿಗೆ ನೀರಿನಿಂದಲೇ ಬಂತು ಎನ್ನಲು ಬರುವುದಿಲ್ಲ. ಇದೇ ಕ್ಯಾನ್ಸರ್‌ಗೆ ಧೂಮಪಾನ ಬಹಳ ದೊಡ್ಡ ಕಾರಣ ಎಂಬುದನ್ನೂ ಜೊತೆಗೇ ಹೇಳಬೇಕು.

ಟಿಎಚ್‌ಎಂಗಳೇ ಅಪರಾಧಿಯೋ, ಅವುಗಳ ಜೊತೆಗಿರುವ ಬೇರೆ ಅಣುಗಳೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಡಿಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಲೋರೋಫಾರ್ಮ್, ಬ್ರೋಮೋಡೈಕ್ಲೋರೋಮೀಥೇನ್, ಡೈಕ್ಲೋರೋಅಸಿಟಿಕ್ ಆಮ್ಲ, ಟ್ರೈಕ್ಲೋರೋಅಸಿಟಿಕ್ ಆಮ್ಲಗಳನ್ನು 2ಬಿ ಗುಂಪಿನಲ್ಲಿ, ಅಂದರೆ ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇದೆ’ ಎಂಬ ಪಟ್ಟಿಯಲ್ಲಿ ಇಟ್ಟಿದೆ. ಎನ್‌ಡಿಎಂಎ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, 2ಎ ಗುಂಪಿನಲ್ಲಿದೆ. ಈ ಗುಂಪುಗಳು ಸಾಕ್ಷ್ಯ ಎಷ್ಟು ಬಲವಾಗಿದೆ ಎಂಬುದನ್ನು ಹೇಳುತ್ತವೆ. ಅಪಾಯ ಎಷ್ಟು ದೊಡ್ಡದು ಎಂಬುದು ದೇಹ ಸೇರುವ ಪ್ರಮಾಣದ ಮೇಲೆ ನಿಂತಿದೆ. ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗಿ ಜನರನ್ನು ವಿನಾಕಾರಣ ಹೆದರಿಸುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇವೆ.

ಎಲ್ಲರ ದೇಹವೂ ಒಂದೇ ರೀತಿ ವರ್ತಿಸುವುದಿಲ್ಲ. ಜಿಎಸ್‌ಟಿಟಿ1 ಎಂಬ ಜೀನ್ ಇರುವವರ ದೇಹದಲ್ಲಿ ಬ್ರೋಮಿನ್ ಇರುವ ಟಿಎಚ್‌ಎಂಗಳು ಡಿಎನ್‌ಎಗೆ ಹಾನಿ ಮಾಡಬಲ್ಲ ರೂಪಕ್ಕೆ ಬದಲಾಗುತ್ತವೆ. ಸ್ಪೇನಿನಲ್ಲಿ ನಡೆದ ಅಧ್ಯಯನದಲ್ಲಿ ಈ ಜೀನ್ ಹೊಂದಿದ್ದು ಹೆಚ್ಚು ಟಿಎಚ್‌ಎಂ ನೀರು ಬಳಸಿದವರಲ್ಲಿ ನಂಟು ಇನ್ನಷ್ಟು ಗಟ್ಟಿಯಾಗಿ ಕಂಡಿತು.

ಗರ್ಭಿಣಿಯರ ವಿಷಯದಲ್ಲಿ ಫಲಿತಾಂಶಗಳು ಮಿಶ್ರವಾಗಿವೆ. 1998ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ ಗರ್ಭಪಾತದ ಜೊತೆ ನಂಟು ಕಂಡಿತ್ತು. ನಂತರದ ಅಧ್ಯಯನಗಳು ಅದನ್ನು ಒಂದೇ ಸಮನೆ ದೃಢಪಡಿಸಲಿಲ್ಲ. ಮಗುವಿನ ಬೆಳವಣಿಗೆ ತುಸು ಕುಂಠಿತವಾಗುವುದರ ಜೊತೆ ಸಣ್ಣ ನಂಟು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಗಾಬರಿ ಪಡುವಷ್ಟು ಪುರಾವೆ ಇಲ್ಲ, ಆದರೆ ಪ್ರಮಾಣ ಹೆಚ್ಚಿರುವ ಊರಿನಲ್ಲಿ ಗರ್ಭಿಣಿಯರು ಕಾರ್ಬನ್ ಫಿಲ್ಟರಿನ ನೀರು ಕುಡಿಯುವುದು ವಿವೇಕದ ಕ್ರಮ.

## ಬಾಯಿಯೊಂದೇ ದಾರಿಯಲ್ಲ

ಟಿಎಚ್‌ಎಂ ಆವಿಯಾಗುವ ಗುಣದಿಂದ ಇನ್ನೊಂದು ಪರಿಣಾಮವಿದೆ. ಮುಚ್ಚಿದ ಬಚ್ಚಲಿನಲ್ಲಿ ಬಿಸಿನೀರಿನ ಷವರ್ ಕೆಳಗೆ ನಿಂತಾಗ ನೀರಿನಿಂದ ಅದು ಗಾಳಿಗೆ ಹಾರಿ ಶ್ವಾಸಕೋಶ ಸೇರುತ್ತದೆ, ಚರ್ಮದ ಮೂಲಕವೂ ಇಳಿಯುತ್ತದೆ. ಹತ್ತು ನಿಮಿಷದ ಬಿಸಿನೀರಿನ ಷವರ್‌ನಿಂದ ದೇಹ ಸೇರುವ ಕ್ಲೋರೋಫಾರ್ಮ್, ದಿನವಿಡೀ ಕುಡಿಯುವ ನೀರಿನಿಂದ ಸೇರುವುದಕ್ಕೆ ಸರಿಸಮ ಎನ್ನುವಷ್ಟು ಇರಬಹುದು. ಕುಡಿದದ್ದರಲ್ಲಿ ಬಹುಪಾಲನ್ನು ಯಕೃತ್ತು ಮೊದಲೇ ಒಡೆದುಹಾಕುತ್ತದೆ. ಉಸಿರಿನಿಂದ ಹೋದದ್ದು ನೇರ ರಕ್ತಕ್ಕೆ ಸೇರುತ್ತದೆ. ಸ್ನಾನ ಬಿಡುವ ಅಗತ್ಯವೇನೂ ಇಲ್ಲ. ಕಿಟಕಿ ತೆರೆದಿಟ್ಟರೆ, ಎಕ್ಸಾಸ್ಟ್ ಫ್ಯಾನ್ ಹಾಕಿದರೆ, ನೀರು ತೀರಾ ಸುಡದಂತೆ ನೋಡಿಕೊಂಡರೆ ಈ ಪಾಲು ಗಣನೀಯವಾಗಿ ಇಳಿಯುತ್ತದೆ.

ಈಜುಕೊಳದ ಬಳಿ ಮೂಗಿಗೆ ಬಡಿಯುವ ಘಾಟು ಹೆಚ್ಚಾಗಿ ಕ್ಲೋರಿನ್ನಿನದಲ್ಲ. ಬೆವರು, ಮೂತ್ರ ಕ್ಲೋರಿನ್ ಜೊತೆ ಸೇರಿ ಹುಟ್ಟುವ ಟ್ರೈಕ್ಲೋರಾಮಿನ್ ಅದು. ಈಜುವ ಮೊದಲು ಮೈ ತೊಳೆದುಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ.

## ಮಿತಿಯ ಅಂಕಿಗಳನ್ನು ಓದುವುದು ಹೇಗೆ?

ಬೇರೆ ಬೇರೆ ಕಡೆಯ ಮಿತಿಗಳು ಬೇರೆ ಬೇರೆ. ಅಮೆರಿಕದಲ್ಲಿ ನಾಲ್ಕೂ ಟಿಎಚ್‌ಎಂಗಳ ಮೊತ್ತಕ್ಕೆ ಈಗ ಲೀಟರಿಗೆ 80 ಮೈಕ್ರೋಗ್ರಾಂ, ಐದು ಹ್ಯಾಲೋಅಸಿಟಿಕ್ ಆಮ್ಲಗಳ ಮೊತ್ತಕ್ಕೆ 60. ಯುರೋಪ್ ಒಕ್ಕೂಟದಲ್ಲಿ ಟಿಎಚ್‌ಎಂ ಮೊತ್ತ 100. ವಿಶ್ವ ಆರೋಗ್ಯ ಸಂಸ್ಥೆ ಮೊತ್ತವನ್ನು ನೋಡದೆ ಒಂದೊಂದಕ್ಕೂ ಪ್ರತ್ಯೇಕ ಮಾರ್ಗಸೂಚಿ ಕೊಟ್ಟಿದೆ: ಕ್ಲೋರೋಫಾರ್ಮ್ 300, ಬ್ರೋಮೋಡೈಕ್ಲೋರೋಮೀಥೇನ್ 60, ಉಳಿದೆರಡು ತಲಾ 100. ಭಾರತದ ಐಎಸ್ 10500 ಮಾನದಂಡವೂ ಇದೇ ಮಾದರಿಯದು. ಅದರಲ್ಲಿ ಕ್ಲೋರೋಫಾರ್ಮ್ ಮಿತಿ 200, ಉಳಿದವು ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಗಳೇ.

ಕ್ಲೋರೋಫಾರ್ಮ್‌ಗೆ 300 ಹೇಗೆ ಬಂತು ಎಂಬ ಲೆಕ್ಕ ಬಿಡಿಸಿ ನೋಡಿದರೆ ಮಿತಿಯ ಅರ್ಥ ತಿಳಿಯುತ್ತದೆ. ಜೀವನಪೂರ್ತಿ ದಿನವೂ ಸೇವಿಸಿದರೂ ತೊಂದರೆಯಿಲ್ಲ ಎಂದು ತಜ್ಞರು ಒಪ್ಪಿದ ಪ್ರಮಾಣ, ದೇಹದ ತೂಕದ ಪ್ರತಿ ಕಿಲೋಗೆ 15 ಮೈಕ್ರೋಗ್ರಾಂ. 60 ಕಿಲೋ ತೂಕದವರಿಗೆ ದಿನಕ್ಕೆ 900. ಇದರಲ್ಲಿ ಮುಕ್ಕಾಲು ಪಾಲು, ಅಂದರೆ 675, ಕುಡಿಯುವ ನೀರಿನಿಂದ ಬರಬಹುದು ಎಂದಿಟ್ಟುಕೊಂಡು ದಿನಕ್ಕೆ ಕುಡಿಯುವ 2 ಲೀಟರಿಗೆ ಹಂಚಿದರೆ ಲೀಟರಿಗೆ ಸುಮಾರು 337. ಅದನ್ನು 300ಕ್ಕೆ ಇಳಿಸಿದ್ದಾರೆ. ಹೀಗೆ ಈ ಲೆಕ್ಕವೆಲ್ಲ ಒಂದು ಇಡೀ ಆಯುಷ್ಯದ ಮೇಲೆ ನಿಂತಿದೆ. ಒಂದು ತಿಂಗಳು ಸಂಖ್ಯೆ ಮೇಲೆ ಹೋಯಿತೆಂದು ಆ ತಿಂಗಳು ಕುಡಿದವರಿಗೆ ಕಾಯಿಲೆ ಬರುತ್ತದೆ ಎಂದಲ್ಲ. ಅಮೆರಿಕದಲ್ಲಿ ಒಂದೊಂದು ಜಾಗದ ಒಂದು ವರ್ಷದ ಸರಾಸರಿಯನ್ನು ಮಿತಿಯೊಂದಿಗೆ ಹೋಲಿಸುವುದೂ ಇದೇ ಕಾರಣಕ್ಕೆ.

ಪ್ರತ್ಯೇಕ ಮಿತಿಗಳ ಪದ್ಧತಿಯಲ್ಲಿ ಒಂದು ಸೂಕ್ಷ್ಮವಿದೆ. ನಾಲ್ಕೂ ತಮ್ಮ ತಮ್ಮ ಮಿತಿಯೊಳಗಿದ್ದರೆ ಸಾಲದು. ಒಂದೊಂದನ್ನೂ ಅದರ ಮಿತಿಯಿಂದ ಭಾಗಿಸಿ ಕೂಡಿಸಿದಾಗ ಉತ್ತರ 1 ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉದಾಹರಣೆಗೆ ಕ್ಲೋರೋಫಾರ್ಮ್ 90, ಬ್ರೋಮೋಡೈಕ್ಲೋರೋಮೀಥೇನ್ 30, ಡೈಬ್ರೋಮೋಕ್ಲೋರೋಮೀಥೇನ್ 20, ಬ್ರೋಮೋಫಾರ್ಮ್ 5 ಇದ್ದರೆ 0.3, 0.5, 0.2, 0.05 ಸೇರಿ 1.05. ಬಿಡಿಬಿಡಿಯಾಗಿ ಎಲ್ಲವೂ ಪಾಸು, ಒಟ್ಟಾಗಿ ನಪಾಸು. ವರದಿ ಕೈಗೆ ಬಂದಾಗ ಈ ಕೂಡುವ ಲೆಕ್ಕ ಮಾಡಿ ನೋಡುವುದು ಯಾರಿಗಾದರೂ ಸಾಧ್ಯ.

## ಫ್ಲಿಂಟ್ ಮತ್ತು ವಾಷಿಂಗ್ಟನ್

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರ ಸೀಸದ ವಿಷಕ್ಕೆ ಕುಖ್ಯಾತವಾಯಿತು. ಆದರೆ ಅಲ್ಲಿ ಸೀಸಕ್ಕೂ ಮೊದಲು ಜನರ ಕೈಗೆ ಬಂದ ನೋಟಿಸು ಟಿಎಚ್‌ಎಂ ಕುರಿತದ್ದು. 2014ರ ಏಪ್ರಿಲ್‌ನಲ್ಲಿ ನಗರ ತನ್ನ ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಿಸಿತು. ನೀರು ಕೊಳವೆಯನ್ನು ಕೊರೆಯದಂತೆ ತಡೆಯುವ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಕಬ್ಬಿಣದ ಕೊಳವೆಗಳು ತುಕ್ಕು ಬಿಡುತ್ತ ನೀರಿನಲ್ಲಿದ್ದ ಕ್ಲೋರಿನ್ನನ್ನು ಹೀರಿಕೊಂಡವು. ಕಾವಲು ಇಲ್ಲದಾಯಿತು, ಆ ಬೇಸಿಗೆಯಲ್ಲಿ ನೀರಿನಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಸಿಕ್ಕವು, ಕುದಿಸಿ ಕುಡಿಯಿರಿ ಎಂಬ ಸೂಚನೆ ಹೊರಟಿತು. ಅದಕ್ಕೆ ಉತ್ತರವಾಗಿ ಕ್ಲೋರಿನ್ ಹೆಚ್ಚಿಸಿದರು. ಸಾವಯವ ಪದಾರ್ಥ ತುಂಬಿದ ನದಿನೀರು, ಸೆಕೆ, ಹೆಚ್ಚು ಕ್ಲೋರಿನ್ ಮೂರೂ ಕೂಡಿ ಟಿಎಚ್‌ಎಂ ಮಿತಿ ಮೀರಿತು. 2015ರ ಜನವರಿಯಲ್ಲಿ ಜನರಿಗೆ ಅದರ ನೋಟಿಸು ತಲುಪಿತು. ಸೀಸದ ವಿಷಯ ಬಯಲಾದದ್ದು ಆಮೇಲೆ.

ವಾಷಿಂಗ್ಟನ್ ಡಿ.ಸಿ.ಯದು ತದ್ವಿರುದ್ಧ ಕಥೆ. ಉಪಉತ್ಪನ್ನಗಳನ್ನು ತಗ್ಗಿಸಲೆಂದೇ ಅಲ್ಲಿ 2000ದ ನವೆಂಬರ್‌ನಲ್ಲಿ ಕ್ಲೋರಿನ್ ಬದಲು ಕ್ಲೋರಾಮಿನ್ ಬಳಸತೊಡಗಿದರು. ಟಿಎಚ್‌ಎಂ ಇಳಿಯಿತು. ಆದರೆ ಅಲ್ಲಿನ ಹಳೆಯ ಸೀಸದ ಕೊಳವೆಗಳ ಒಳಮೈಯಲ್ಲಿ, ಪ್ರಬಲ ಕ್ಲೋರಿನ್ನಿನ ದೆಸೆಯಿಂದ ಸೀಸದ ಡೈಆಕ್ಸೈಡಿನ ಗಟ್ಟಿ ಪದರ ಕಟ್ಟಿಕೊಂಡಿತ್ತು. ದುರ್ಬಲವಾದ ಕ್ಲೋರಾಮಿನ್‌ಗೆ ಆ ಪದರವನ್ನು ಉಳಿಸಿಕೊಳ್ಳಲು ಆಗಲಿಲ್ಲ. ಪದರ ಕರಗಿತು, ಸೀಸ ನೀರಿಗಿಳಿಯಿತು. ಜನರಿಗೆ ಪೂರ್ತಿ ವಿಷಯ ತಿಳಿದದ್ದು 2004ರಲ್ಲಿ.

ಒಂದು ಸಂಖ್ಯೆ ಇಳಿಸುವ ಆತುರದಲ್ಲಿ ಇಡೀ ವ್ಯವಸ್ಥೆಯನ್ನು ನೋಡದೆ ಹೋದರೆ ತೆರಬೇಕಾದ ಬೆಲೆ ಇದು. ಬೆಲೆ ತೆತ್ತವರು ಮಕ್ಕಳು ಎಂಬುದನ್ನು ಮರೆಯಲಾಗದು.

## ಪರಿಹಾರ ಇರುವುದು ಕ್ಲೋರಿನ್‌ಗೆ ಮೊದಲು

ಉಪಉತ್ಪನ್ನದ ಭಯದಿಂದ ಕ್ಲೋರಿನ್ ನಿಲ್ಲಿಸುವುದು ಮಾಡಲೇಬಾರದ ಕೆಲಸ. ಕಲುಷಿತ ನೀರಿನ ಕಾಲರಾ ಒಂದೆರಡು ದಿನದಲ್ಲಿ ಜೀವ ತೆಗೆಯಬಲ್ಲದು. ಉಪಉತ್ಪನ್ನಗಳದು ದಶಕಗಳ ಮೇಲಿನ ಸಣ್ಣ ಸಾಧ್ಯತೆ. ಇವನ್ನು ತಗ್ಗಿಸುವ ಪ್ರಯತ್ನದಲ್ಲಿ ಸೋಂಕುನಿವಾರಣೆಯಲ್ಲಿ ಯಾವತ್ತೂ ರಾಜಿ ಆಗಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಒತ್ತಿ ಹೇಳುತ್ತದೆ.

ಮಾಡಬೇಕಾದದ್ದು ಕ್ಲೋರಿನ್ ಬೀಳುವ ಮೊದಲೇ ಸಾವಯವ ಪದಾರ್ಥವನ್ನು ತೆಗೆಯುವುದು. ಆಲಮ್ ಹಾಕಿ ಕಲ್ಮಶವನ್ನು ಗಟ್ಟಿಯಾಗಿಸಿ ತಳಕ್ಕಿಳಿಸುವ ಹಳೆಯ ಪದ್ಧತಿಯನ್ನೇ, ಅದರ ಪ್ರಮಾಣ ಮತ್ತು ನೀರಿನ ಆಮ್ಲೀಯತೆಯನ್ನು ಸರಿಯಾಗಿ ಹೊಂದಿಸಿ ನಡೆಸಿದರೆ ಹ್ಯೂಮಿಕ್ ಪದಾರ್ಥಗಳಲ್ಲಿ ದೊಡ್ಡ ಪಾಲು ಅಲ್ಲೇ ಕೂರುತ್ತದೆ. ಅನೇಕ ಘಟಕಗಳಲ್ಲಿ ಹಸಿ ನೀರು, ಅಂದರೆ ಇನ್ನೂ ಶುದ್ಧ ಮಾಡದ ನೀರು, ಬಂದ ಕೂಡಲೇ ಕ್ಲೋರಿನ್ ಹಾಕುವ ರೂಢಿಯಿದೆ. ಅದನ್ನು ಸೋಸಿದ ಮೇಲಿನ ಹಂತಕ್ಕೆ ಸರಿಸಿದರೆ ಹೊಸ ಯಂತ್ರವಿಲ್ಲದೆಯೇ ಉಪಉತ್ಪನ್ನ ಇಳಿಯುತ್ತದೆ. ಇನ್ನೂ ಮುಂದೆ ಹೋದರೆ ಆ್ಯಕ್ಟಿವೇಟೆಡ್ ಕಾರ್ಬನ್ ಹಾಸು, ಮೆಂಬ್ರೇನ್ ಸೋಸುವಿಕೆ ಇವೆ. ಖರ್ಚೂ ಅದಕ್ಕೆ ತಕ್ಕಂತೆ. ಎಲ್ಲಕ್ಕಿಂತ ಮೇಲೆ, ಕೆರೆ ನದಿಗಳಿಗೆ ಕೊಳಚೆ ಸೇರದಂತೆ, ಪಾಚಿ ಬೆಳೆಯದಂತೆ ಕಾಯುವ ಕೆಲಸವಿದೆ. ಅದನ್ನು ಯಾವ ಘಟಕವೂ ಊರಿನ ಪರವಾಗಿ ಮಾಡಿಕೊಡಲಾರದು.

ಈ ಸಮಸ್ಯೆಯನ್ನು ಮೊದಲು ಕಂಡ ನೆದರ್‌ಲೆಂಡ್ಸ್ ಇಂದು ಕೊಳವೆ ನೀರಿನಲ್ಲಿ ಕ್ಲೋರಿನ್ ಬಳಸುವುದೇ ಇಲ್ಲ. ಅವರಿಗೆ ಅದು ಸಾಧ್ಯವಾದದ್ದು, ಬ್ಯಾಕ್ಟೀರಿಯಾಗಳಿಗೆ ಆಹಾರವೇ ಸಿಗದಷ್ಟು ಮಟ್ಟಿಗೆ ನೀರನ್ನು ಹಲವು ಹಂತಗಳಲ್ಲಿ ಸೋಸುವುದರಿಂದ, ಸೋರಿಕೆ ಅತ್ಯಲ್ಪವಾಗಿರುವ ಗಟ್ಟಿ ಕೊಳವೆಗಳಿಂದ, 24 ಗಂಟೆಯೂ ಒತ್ತಡ ಬಿಡದ ಸರಬರಾಜಿನಿಂದ. ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬಿಡುವ ಊರಿನಲ್ಲಿ ನೀರು ನಿಂತಾಗ ಕೊಳವೆಯ ಒತ್ತಡ ಬೀಳುತ್ತದೆ; ಬಿರುಕಿನಿಂದ ಸುತ್ತಲಿನ ಕೊಳಚೆ ಒಳಗೆ ಎಳೆದುಕೊಳ್ಳುತ್ತದೆ. ಅಂಥ ಕಡೆ ಉಳಿಕೆ ಕ್ಲೋರಿನ್ ಇಲ್ಲದಿದ್ದರೆ ಅದು ನೇರ ಪ್ರಾಣಾಪಾಯ.

## ಮನೆಯಲ್ಲಿ ಮಾಡಬಹುದಾದದ್ದು

ಒಳ್ಳೆಯ ಆ್ಯಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ಟಿಎಚ್‌ಎಂಗಳನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಅದಕ್ಕೂ ಹೊಟ್ಟೆ ತುಂಬುತ್ತದೆ. ಕಾರ್ಟ್ರಿಜ್ ಅವಧಿ ಮುಗಿದ ಮೇಲೆ ಅದು ಏನನ್ನೂ ಹಿಡಿಯುವುದಿಲ್ಲ. ಕಾರ್ಬನ್ ಕ್ಲೋರಿನ್ನನ್ನೂ ತೆಗೆದುಬಿಡುವುದರಿಂದ ಹಳೆಯ ಕಾರ್ಟ್ರಿಜ್‌ನೊಳಗೆ ಬ್ಯಾಕ್ಟೀರಿಯಾ ಬೆಳೆಯಬಲ್ಲವು; ಸೋಸಿದ ನೀರನ್ನು ದಿನಗಟ್ಟಲೆ ಇಟ್ಟು ಕುಡಿಯಬಾರದು. ಆರ್‌ಒ ಯಂತ್ರದಲ್ಲಿ ಕ್ಲೋರೋಫಾರ್ಮ್ ತೆಗೆಯುವ ಕೆಲಸವನ್ನು ಮುಖ್ಯವಾಗಿ ಮಾಡುವುದು ಒಳಗಿರುವ ಕಾರ್ಬನ್ ಹಂತವೇ. ಹ್ಯಾಲೋಅಸಿಟಿಕ್ ಆಮ್ಲಗಳನ್ನು ತಡೆಯುವುದರಲ್ಲಿ ಆರ್‌ಒ ಪೊರೆ ಮುಂದು. ಅತಿನೇರಳೆ ದೀಪ ಮಾತ್ರ ಇರುವ ಯಂತ್ರದಿಂದ ಉಪಉತ್ಪನ್ನಗಳಿಗೆ ಏನೂ ಆಗುವುದಿಲ್ಲ.

ಕುದಿಸುವುದರಿಂದ ಅರ್ಧ ಉಪಯೋಗವಿದೆ. ಕ್ಲೋರೋಫಾರ್ಮ್ 61 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ವಸ್ತು. ಮುಚ್ಚಳ ತೆರೆದು, ಕಿಟಕಿ ತೆರೆದು ಕೆಲವು ನಿಮಿಷ ಚೆನ್ನಾಗಿ ಕುದಿಸಿದರೆ ಟಿಎಚ್‌ಎಂ ಬಹುಪಾಲು ಹೋಗುತ್ತದೆ. ಆವಿಯಾಗದ ಹ್ಯಾಲೋಅಸಿಟಿಕ್ ಆಮ್ಲಗಳನ್ನು ಕುದಿಸಿ ಕಳೆಯುವ ಭರವಸೆ ಇಟ್ಟುಕೊಳ್ಳಬಾರದು. ರೋಗಾಣುಗಳನ್ನು ಕೊಲ್ಲಲು ಕುದಿಸುವುದು ಬೇರೆಯೇ ವಿಷಯ; ಆ ಸೂಚನೆ ಬಂದಾಗ ಮರುಮಾತಿಲ್ಲದೆ ಕುದಿಸಬೇಕು.

ಮನೆಯ ತೊಟ್ಟಿಯ ಬಗ್ಗೆ ಜನ ಯೋಚಿಸುವುದು ಕಡಿಮೆ. ತಳದಲ್ಲಿ ಕೆಸರು, ಗೋಡೆಯಲ್ಲಿ ಪಾಚಿ ಇರುವ ತೊಟ್ಟಿಗೆ ಇನ್ನಷ್ಟು ಬ್ಲೀಚಿಂಗ್ ಪೌಡರ್ ಹಾಕುವುದೆಂದರೆ ಉಪಉತ್ಪನ್ನಕ್ಕೆ ಬೇಕಾದ ಎರಡೂ ಸರಕುಗಳನ್ನು ಒಂದೇ ಕಡೆ ಕೂಡಿಸಿದಂತೆ. ಮೊದಲು ಉಜ್ಜಿ ತೊಳೆದು ಕೆಸರು ಹೊರಹಾಕಬೇಕು, ಬಿಸಿಲು ಬೀಳದಂತೆ ಮುಚ್ಚಬೇಕು, ಆಮೇಲೆ ಅಗತ್ಯವಿದ್ದಷ್ಟೇ ಕ್ಲೋರಿನ್.

ಇನ್ನು ಸರಬರಾಜು ಸಂಸ್ಥೆಯನ್ನು ಕೇಳಬೇಕಾದ ಪ್ರಶ್ನೆಗಳಿವೆ. ನಾಲ್ಕು ಟಿಎಚ್‌ಎಂಗಳ ಬಿಡಿ ಅಂಕಿಗಳು ಎಷ್ಟು? ಮಾದರಿಯನ್ನು ಘಟಕದ ಬಾಗಿಲಲ್ಲಿ ತೆಗೆದರೋ, ಕೊಳವೆಯ ಕೊನೆಯ ಮನೆಯಲ್ಲೋ? ಯಾವ ತಿಂಗಳಲ್ಲಿ? ಹ್ಯಾಲೋಅಸಿಟಿಕ್ ಆಮ್ಲಗಳನ್ನು ಅಳೆದಿದ್ದಾರೆಯೇ? ಹಸಿ ನೀರಿನಲ್ಲಿ ಒಟ್ಟು ಸಾವಯವ ಇಂಗಾಲ ಎಷ್ಟಿತ್ತು, ಸೋಸಿದ ಮೇಲೆ ಎಷ್ಟು ಉಳಿಯಿತು? ಸೋಂಕುನಿವಾರಕ ಬದಲಿಸಿದ್ದರೆ ಕೊಳವೆಗಳ ಮೇಲಿನ ಪರಿಣಾಮವನ್ನು ಪರೀಕ್ಷಿಸಿದರೇ? ತಂಪು ಕಾಲದಲ್ಲಿ ಘಟಕದ ಪಕ್ಕದ ನಲ್ಲಿಯಿಂದ ತೆಗೆದ ಒಂದು ಮಾದರಿ ಚೆನ್ನಾಗಿ ಬಂದರೆ, ಸುಡುಬೇಸಿಗೆಯಲ್ಲಿ ಊರಿನ ಅಂಚಿನ ಮನೆಗೆ ಬರುವ ನೀರಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.